ಬಾಗಿಲ ಮುಂದೆ ಬಿಳಿ ಗಾಡಿ

ಬಿಳಿ ಗಾಡಿ ಬಂದು ಗ್ಯಾರೇಜಿನ ಬಾಗಿಲಿಗೆ ನಿಂತಾಗ ಅವಳು ಒಂದು ಕಾರಿನ ಕೆಳಗೆ ಅಂಗಾತ ಮಲಗಿದ್ದಳು. ಅವಳಿಗೆ ಕಂಡದ್ದು ನಾಲ್ಕು ಚಕ್ರ ಮಾತ್ರ. ಎದುರು ಮನೆಯ ಹೊಲಿಗೆಯಮ್ಮನಿಗೆ ಇಡೀ ಗಾಡಿ ಕಂಡಿತು. ಅವರು ಮೆಷಿನ್ನಿನಲ್ಲಿದ್ದ ಬಟ್ಟೆಯನ್ನು ಹಾಗೇ ಬಿಟ್ಟು, "ಅಯ್ಯೋ, ಹೊರಟೇಹೋದ್ರಾ! ನಿನ್ನೆ ಸಂಜೆ ಕಿಟಕಿಯಲ್ಲಿ ಕೂತು ಕೈ ಎತ್ತಿದ್ರಲ್ಲೇ!" ಎಂದು ಗೋಳಾಡುತ್ತ ರಸ್ತೆ ದಾಟಿ ಬಂದರು.

ಅವಳು ಕಾರಿನ ಕೆಳಗಿನಿಂದ ಜಾರಿ ಹೊರಗೆ ಬರುವಷ್ಟರಲ್ಲಿ ಹೊಲಿಗೆಯಮ್ಮ ಅವಳನ್ನು ತಬ್ಬಿಕೊಂಡಾಗಿತ್ತು. ಅವರ ಸೀರೆಗೆ ಮಸಿಯಾಗದಿರಲಿ ಎಂದು ಅವಳು ಎರಡೂ ಕೈಯನ್ನು ಮೇಲೆತ್ತಿ ನಿಂತಳು.

"ಯಾರು ಹೋದ್ರು?"

"ಇನ್ಯಾರು ಹೋಗ್ತಾರೆ? ನಿಮ್ಮಪ್ಪ!"

ಅವಳು ಆಗ ಗಾಡಿ ನೋಡಿದಳು. ಊರಲ್ಲಿ ಅಂಥದ್ದು ಇದ್ದದ್ದು ಅದೊಂದೇ. ಒಂದು ಟ್ರಸ್ಟಿನವರು ನಡೆಸುತ್ತಿದ್ದ ಶವದ ಗಾಡಿ. ಜನ ಅದಕ್ಕೆ 'ಕೊನೆ ಬಸ್ಸು' ಎನ್ನುತ್ತಿದ್ದರು. ಓಡಿಸುವವನಿಗೂ ಅದೇ ಹೆಸರು ಅಂಟಿಕೊಂಡಿತ್ತು.

ಗ್ಯಾರೇಜಿನ ಹಿಂದೆಯೇ ಎರಡು ಕೋಣೆಯ ಮನೆ. ಓಡಿದಳು. ಅಪ್ಪ ಕಿಟಕಿಯ ಪಕ್ಕ ಗಾಲಿ ಕುರ್ಚಿಯಲ್ಲಿ ಕೂತಿದ್ದರು. ಸೋದರತ್ತೆ ಅವರ ಉಗುರು ಕತ್ತರಿಸುತ್ತಿದ್ದರು. ಪಾರ್ಶ್ವವಾಯು ಬಡಿದು ಎರಡು ವರ್ಷವಾಗಿದ್ದ ಅಪ್ಪನಿಗೆ ಹೊರಗಿನ ರಂಪವೆಲ್ಲ ಕೇಳಿಸಿತ್ತು. ಅಲ್ಲಾಡುವ ಅರ್ಧ ಮುಖದಲ್ಲೇ ನಕ್ಕು, ಒಂದೊಂದೇ ಪದ ಹೆಕ್ಕಿ ಹೇಳಿದರು: "ಇನ್ನೂ... ಟೈಮ್ ಇದೆ... ಅಂತ ಹೇಳು."

ಹೊರಗೆ ಬರುವಷ್ಟರಲ್ಲಿ ಅವಳ ಹೆದರಿಕೆ ಸಿಟ್ಟಾಗಿ ತಿರುಗಿತ್ತು. ಗಾಡಿಯ ಪಕ್ಕ ಡ್ರೈವರ್ ನಿಂತಿದ್ದ. ನಲವತ್ತರ ಆಸುಪಾಸು, ಉದ್ದನೆಯ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಶರ್ಟು. ನಿಂತ ಜಾಗಕ್ಕೂ ಕ್ಷಮೆ ಕೇಳುವವನ ಹಾಗೆ ನಿಂತಿದ್ದ.

"ತಪ್ಪಾಯ್ತು. ಬ್ರೇಕ್ ಆಯಿಲ್ ಚೇಂಜ್ ಮಾಡಿಸ್ಬೇಕಿತ್ತು. ಎರಡು ವರ್ಷ ಆಯ್ತು ಹಾಕಿಸಿ."

"ಒಂದು ಫೋನ್ ಮಾಡಿ ಬರೋಕೆ ಏನಾಗಿತ್ತು ನಿಮಗೆ?"

"ನಮ್ಮ ನಂಬರಿಂದ ಫೋನ್ ಬಂದ್ರೆ ಜನ ಇನ್ನೂ ಹೆದರ್ತಾರೆ."

ಅವನು ತಮಾಷೆಗೆ ಹೇಳಿದನೋ ನಿಜಕ್ಕೋ ಅವಳಿಗೆ ಗೊತ್ತಾಗಲಿಲ್ಲ. ಹೊಲಿಗೆಯಮ್ಮ ಮೂಗೊರೆಸಿಕೊಂಡು, ಸಾಯದವರಿಗಾಗಿ ಅತ್ತ ನಾಚಿಕೆಯಲ್ಲಿ ಸದ್ದಿಲ್ಲದೆ ರಸ್ತೆ ದಾಟಿದರು.

"ಬೇರೆ ಗ್ಯಾರೇಜ್ ಸಿಗಲಿಲ್ವಾ?"

"ಮೂರು ಕಡೆ ಹೋಗಿದ್ದೆ. ಒಬ್ರು ಜಾಗ ಇಲ್ಲ ಅಂದ್ರು. ಒಬ್ರು ಜಾಕ್ ಕೆಟ್ಟಿದೆ ಅಂದ್ರು. ಮೂರನೆಯವರು ಬೆಳಿಗ್ಗೆ ಹತ್ತು ಗಂಟೆಗೇ ಮಧ್ಯಾಹ್ನದ ಊಟಕ್ಕೆ ಹೋದ್ರು." ಅವನು ಕೀಲಿಯನ್ನು ಬೆರಳಲ್ಲಿ ತಿರುಗಿಸಿದ. "ಬೇಡ ಅಂದ್ರೆ ಬೇಜಾರಿಲ್ಲ. ಅಭ್ಯಾಸ ಇದೆ."

ಆ ಕೊನೆಯ ಮಾತಿಗೆ ಅವಳ ಸಿಟ್ಟು ಇಳಿಯಿತು.

"ಒಳಗೆ ತನ್ನಿ. ನನಗೆ ಗಾಡಿ ಅಂದ್ರೆ ಗಾಡಿ."

ಬಾನೆಟ್ ಎತ್ತಿ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಳು. ಹೊಸದರಲ್ಲಿ ತಿಳಿ ಹಳದಿ ಇರಬೇಕಾದ ಆಯಿಲ್ ಕಪ್ಪಗೆ ಡಿಕಾಕ್ಷನ್ ಆಗಿತ್ತು.

"ನೋಡಿ. ಇದು ಸುಮ್ಮನೆ ಕೂತಲ್ಲೇ ಗಾಳಿಯಿಂದ ನೀರು ಎಳ್ಕೊಳ್ಳುತ್ತೆ. ಇಳಿಜಾರಲ್ಲಿ ಬ್ರೇಕ್ ಬಿಸಿ ಆದಾಗ ಆ ನೀರು ಕುದಿಯುತ್ತೆ. ಆಮೇಲೆ ಪೆಡಲ್ ಒತ್ತಿದ್ರೆ ಹತ್ತಿ ಒತ್ತಿದ ಹಾಗೆ."

"ನಾನು ಜೋರಾಗಿ ಓಡಿಸೋದೇ ಇಲ್ಲ. ನನ್ನ ಪ್ಯಾಸೆಂಜರಿಗೆ ಅರ್ಜೆಂಟ್ ಇರಲ್ಲ."

"ಅವರ ಜೊತೆ ಕೂತಿರೋರು ಇನ್ನೂ ಬದುಕಿರ್ತಾರಲ್ಲ?"

ಅವನು ಅವಳತ್ತ ತಿರುಗಿದ. ಅಷ್ಟು ಹೊತ್ತೂ ನೆಲ ನೋಡುತ್ತಿದ್ದವನು ಆಗ ಮೊದಲ ಸಲ ಮುಖ ನೋಡಿದ. ಸಣ್ಣ ಕಣ್ಣು, ನಿದ್ದೆಗೆಟ್ಟ ಕಣ್ಣು. ನೋಟ ಒಂದು ಗಳಿಗೆ ಹೆಚ್ಚಾಗಿಯೇ ನಿಂತು, ತಪ್ಪು ಮಾಡಿದ ಹಾಗೆ ಕೆಳಗಿಳಿಯಿತು.

ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಕೂತು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಕೆಳಗೆ ಚಕ್ರದ ಹಿಂದಿನ ನಿಪ್ಪಲ್ ಎಂಬ ಸಣ್ಣ ತಿರುಪನ್ನು ಸಡಿಲಿಸಿ ಹಳೆಯ ಆಯಿಲ್ ಹೊರಗೆ ಬಿಡಬೇಕು. ಮುಚ್ಚುವ ಮೊದಲೇ ಮೇಲಿನವರು ಕಾಲು ಎತ್ತಿದರೆ ಗಾಳಿ ಒಳಗೆ ಹೊಕ್ಕು ಮಾಡಿದ್ದೆಲ್ಲ ಮಣ್ಣುಪಾಲು. ಮೊದಲೆಲ್ಲ ಅಪ್ಪ ಒತ್ತುತ್ತಿದ್ದರು. ಈಗ ಗಾಡಿಯ ಮಾಲೀಕರನ್ನೇ ಕೂರಿಸುವುದು ಅವಳ ರೂಢಿ.

"ಡಬ್ಬಿಯಿಂದ ದೂರದ ಚಕ್ರ ಮೊದಲು," ಎಂದು ಹಿಂದಿನ ಚಕ್ರದ ಬಳಿ ಕೆಳಗೆ ಹೊಕ್ಕಳು. ನಿಪ್ಪಲ್ಲಿಗೆ ಪೈಪು ಸಿಕ್ಕಿಸಿ ಇನ್ನೊಂದು ತುದಿಯನ್ನು ಬಾಟಲಿಗೆ ಇಳಿಸಿದಳು. "ಒತ್ತಿ. ಹಿಡ್ಕೊಳ್ಳಿ. ನಾನು ಹೇಳೋವರೆಗೂ ಬಿಡಬೇಡಿ."

"ಬಿಡಲ್ಲ."

ಸ್ಪ್ಯಾನರ್ ತಿರುಗಿಸಿದಳು. ಕಪ್ಪು ಆಯಿಲ್ ಗುಳ್ಳೆಗಳ ಸಮೇತ ಪೈಪಿನಲ್ಲಿ ಓಡಿತು. ಮುಚ್ಚಿದಳು. "ಬಿಡಿ." ಮತ್ತೆ "ಒತ್ತಿ." ಮೇಲೆ ಅವನು, ಕೆಳಗೆ ಅವಳು, ನಡುವೆ ಇಡೀ ಗಾಡಿ. ಮುಖ ಕಾಣದ ಕಾರಣಕ್ಕೋ ಏನೋ, ಅವನಿಗೆ ಮಾತು ಬಂತು.

"ನಿಮಗೆ ನೆನಪಿಲ್ಲ ಅನ್ಸುತ್ತೆ. ನಾಲ್ಕು ವರ್ಷದ ಹಿಂದೆ ನಿಮ್ಮ ತಾಯೀನ ಕರ್ಕೊಂಡು ಹೋಗಿದ್ದು ನಾನೇ."

ಅವಳ ಕೈ ಸ್ಪ್ಯಾನರಿನ ಮೇಲೆ ನಿಂತಿತು. ಗಾಡಿಯ ನೆನಪು ಇತ್ತು. ಓಡಿಸಿದವನ ಬೆನ್ನು ಬಿಟ್ಟರೆ ಬೇರೇನೂ ನೆನಪಿರಲಿಲ್ಲ.

"ದಾರಿ ಪೂರ್ತಿ ನೀವು ಒಂದೇ ಮಾತಾಡಿದ್ರಿ. ಇಳಿಯುವಾಗ ನನ್ನ ಹತ್ರ ಬಂದು, 'ಹಿಂದಿನ ಬಲಗಡೆ ಚಕ್ರದಲ್ಲಿ ಸದ್ದು ಬರ್ತಿದೆ, ಬೇರಿಂಗ್ ನೋಡಿಸಿ' ಅಂದ್ರಿ."

ಅವಳು ಕಣ್ಣು ಮುಚ್ಚಿದಳು. ಅವಳು ನಾಲ್ಕು ವರ್ಷ ಒಳಗೇ ಹೊತ್ತು ತಿರುಗಿದ ಮಾತು ಅದು. ಅಂದು ಅದು ಅತ್ತೆಯ ಕಿವಿಗೂ ಬಿದ್ದಿತ್ತು. 'ಹೆತ್ತವಳ ಹೆಣ ಮುಂದಿದೆ, ಇವಳಿಗೆ ಬೇರಿಂಗು! ಕಲ್ಲು, ಕಲ್ಲು ಇವಳ ಎದೆ' ಎಂದು ನೆಂಟರ ಮುಂದೆ ಅಂದಿದ್ದರು. ಅಂದಿನಿಂದ ಇಂದಿನವರೆಗೆ ಅವಳು ಒಂದು ಹನಿ ಅತ್ತಿರಲಿಲ್ಲ. ಅತ್ತೆ ಹೇಳಿದ್ದು ನಿಜವಿರಬೇಕು ಎಂದು ತಾನೂ ನಂಬಿದ್ದಳು.

"ಮಾರನೇ ದಿನವೇ ಬೇರಿಂಗ್ ಹಾಕಿಸ್ದೆ," ಅವನು ಹೇಳುತ್ತಿದ್ದ. "ಸವೆದು ಪುಡಿ ಆಗಿತ್ತು. ಜನ ಅಳೋದು ಎಲ್ಲ ಒಂದೇ ಥರ ಅಲ್ಲ ನೋಡಿ. ಒಬ್ಬ ಮುದುಕಿ ದಾರಿ ಉದ್ದಕ್ಕೂ ಗ್ಯಾಸ್ ಆರಿಸಿದ್ನಾ ಅಂತ ಕೇಳ್ತಾನೇ ಇದ್ರು. ಒಬ್ಬ ಮಗ ತನ್ನ ಹೊಸ ಶೂ ಎಲ್ಲಿ ತಗೊಂಡೆ ಅಂತ ನನಗೆ ವಿವರಿಸಿದ. ನೀವು ಬೇರಿಂಗ್ ಅಂದ್ರಿ. ಅಷ್ಟು ಜೋರಾಗಿ ಅತ್ತವರನ್ನ ನಾನು ಆ ವರ್ಷ ನೋಡಿರಲಿಲ್ಲ."

ಅಂಗಾತ ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಿವಿಗೆ ಇಳಿಯುತ್ತದೆ. ಅದು ಅವಳಿಗೆ ಆ ಹೊತ್ತು ಗೊತ್ತಾಯಿತು. ಸದ್ದು ಹೊರಡದಂತೆ ತುಟಿ ಕಚ್ಚಿದಳು. ಬಹಳ ಹೊತ್ತಿನ ಮೇಲೆ, "ಒತ್ತಿ," ಎಂದಳು.

"ಆಗ್ಲಿಂದ ಒತ್ಕೊಂಡೇ ಇದೀನಿ," ಮೇಲಿನಿಂದ ಮೆಲ್ಲಗೆ ಉತ್ತರ ಬಂತು. "ನೀವು ಬಿಡಿ ಅಂದಿಲ್ಲ."

ನಾಲ್ಕೂ ಚಕ್ರದಲ್ಲಿ ತಿಳಿ ಆಯಿಲ್ ಬರುವವರೆಗೆ ಮಧ್ಯಾಹ್ನವಾಯಿತು. ಹೊರಗೆ ಬಂದ ಅವಳ ಮುಖ ಕೆಂಪಾಗಿತ್ತು. ಅವನು ಅದನ್ನು ನೋಡಲಿಲ್ಲ, ಅಥವಾ ನೋಡದ ಹಾಗೆ ಗೋಡೆಯ ಮೇಲಿದ್ದ ಟೈರಿನ ಕ್ಯಾಲೆಂಡರನ್ನು ತುಂಬ ಆಸಕ್ತಿಯಿಂದ ಓದಿದ. ಅದು ಮೂರು ವರ್ಷ ಹಳೆಯದು.

ಆಮೇಲೆ ಅವನ ಗಾಡಿಗೆ ಏನೇನೋ ರೋಗ ಬಂತು. ಒಂದು ವಾರ ವೈಪರ್. ಇನ್ನೊಂದು ವಾರ ಹಾರ್ನ್.

"ನಿಮ್ಮ ಗಾಡಿಗೆ ಹಾರ್ನ್ ಯಾಕ್ರೀ? ನೋಡಿದ್ರೆ ಸಾಕು, ಜನ ತಾವೇ ದಾರಿ ಬಿಡ್ತಾರೆ."

"ಈಚೆಗೆ ಎಮ್ಮೆಗಳು ಬಿಡ್ತಿಲ್ಲ."

ಅವಳು ನಕ್ಕಳು. ನಕ್ಕ ಸದ್ದು ಅವಳಿಗೇ ಬೇರೆ ಯಾರದೋ ಅನ್ನಿಸಿತು. ಅವನು ಆ ನಗುವನ್ನು ಕೇಳುತ್ತ, ಅದು ನಿಂತ ಮೇಲೂ ಇನ್ನೂ ಸ್ವಲ್ಪ ಹೊತ್ತು ಕೇಳುತ್ತ ನಿಂತಿದ್ದ.

ಕಾರಣಗಳೆಲ್ಲ ಮುಗಿದ ಮೇಲೆ, ಗಾಡಿ ಬಿಟ್ಟು ನಡೆದೇ ಬರತೊಡಗಿದ. ಸಂಜೆ ಅವಳು ಅಪ್ಪನ ಕುರ್ಚಿಯನ್ನು ಗ್ಯಾರೇಜಿನ ಬಾಗಿಲಿಗೆ ತಳ್ಳಿ ತರುತ್ತಿದ್ದಳು. ಅವನು ಪಕ್ಕದಲ್ಲಿ ಒಂದು ಟೈರಿನ ಮೇಲೆ ಕೂರುತ್ತಿದ್ದ. ಅಪ್ಪ ಒಂದು ವಾಕ್ಯ ಮುಗಿಸಲು ಐದು ನಿಮಿಷ ತೆಗೆದುಕೊಂಡರೂ ನಡುವೆ ಬಾಯಿ ಹಾಕುತ್ತಿರಲಿಲ್ಲ. ಕಾಯುವುದು ಅವನ ಕಸುಬಿನಲ್ಲೇ ಇತ್ತು. ಅವಳು ಬಾನೆಟ್ಟಿನ ಮರೆಯಿಂದ ನೋಡುತ್ತಿದ್ದಳು. ಅವನಿಗೆ ಅದು ಗೊತ್ತಿತ್ತು. ಗೊತ್ತಿದೆ ಎಂದು ಅವಳಿಗೂ ಗೊತ್ತಿತ್ತು. ಇಬ್ಬರೂ ತಂತಮ್ಮ ಕೆಲಸದಲ್ಲಿ ಮುಳುಗಿದ ಹಾಗೆ ಇರುತ್ತಿದ್ದರು. ಅವನು ಕೂರುತ್ತಿದ್ದ ಆ ಟೈರನ್ನು ಅವಳು ಯಾರಿಗೂ ಮಾರಲಿಲ್ಲ.

ಅತ್ತೆ ಮಾತ್ರ ಅವನು ಬಂದೊಡನೆ ಕಿಟಕಿ ಮುಚ್ಚುತ್ತಿದ್ದರು.

ಒಂದು ಸಂಜೆ ಅಡುಗೆಮನೆಯಲ್ಲಿ ಅತ್ತೆ ಪಾತ್ರೆ ಕುಕ್ಕಿ, "ಊರಲ್ಲಿ ಗಂಡಸರಿಗೆ ಬರ ಬಂದಿದೆಯೇನೇ?" ಎಂದರು.

"ಅತ್ತೆ, ಅವರು ಮಾಡೋದು ತಪ್ಪು ಕೆಲಸ ಅಲ್ಲ."

"ತಪ್ಪು ಅಂತ ನಾನೆಲ್ಲಿ ಅಂದೆ? ಒಳ್ಳೆಯವನೇ ಇರಬಹುದು." ಅತ್ತೆಯ ದನಿ ತಗ್ಗಿತು. "ನನಗೆ ಇಪ್ಪತ್ತಮೂರು ವರ್ಷ, ಅಂಥದೇ ಗಾಡಿ ಬಾಗಿಲಿಗೆ ಬಂದಾಗ. ನಿಮ್ಮ ಮಾವನ್ನ ಎತ್ತಿ ಹಾಕ್ಕೊಂಡು ಹೋಯ್ತು. ಆ ಬಾಗಿಲು ಮುಚ್ಚಿದ ಸದ್ದು ಇನ್ನೂ ಕಿವಿಯಲ್ಲಿದೆ. ಈಗ ದಿನಾ ಸಂಜೆ ಅಂಥ ಕೈಯೇ ನಮ್ಮನೆಗೆ ಬಂದು ನಿನ್ನ ತಲೆ ಸವರುತ್ತೆ ಅಂದ್ರೆ... ನನ್ನಿಂದಾಗಲ್ಲ ಕಣೇ. ನಾನು ಈ ಮನೆಯಲ್ಲಿ ಇರಲ್ಲ."

ಅತ್ತೆ ಕೆಟ್ಟವರಲ್ಲ. ಅಪ್ಪ ಬಿದ್ದ ದಿನದಿಂದ ಅವರನ್ನು ಮಗುವಿನ ಹಾಗೆ ತೊಳೆದು, ಉಣಿಸಿ, ಮಲಗಿಸಿದವರು ಅವರೇ. ಅವಳು ತಿರುಗಿ ನೋಡಿದರೆ ಗ್ಯಾರೇಜಿಗೂ ಮನೆಗೂ ನಡುವಿನ ಬಾಗಿಲಲ್ಲಿ ಅವನು ನಿಂತಿದ್ದ. ಕೈಯಲ್ಲಿ ಅಪ್ಪನ ಮಾತ್ರೆಯ ಪೊಟ್ಟಣ. ಪೊಟ್ಟಣವನ್ನು ಸ್ಪ್ಯಾನರುಗಳ ಪಕ್ಕ ಮೇಜಿನ ಮೇಲಿಟ್ಟು, ಯಾರ ನಿದ್ದೆಯೂ ಕೆಡದಿರಲಿ ಎನ್ನುವವನಂತೆ ಮೆಲ್ಲಗೆ ಹೆಜ್ಜೆಯಿಟ್ಟು ಹೋದ.

ಹನ್ನೊಂದು ವಾರ ಬರಲಿಲ್ಲ.

ಅವಳೇ ಒಂದು ದಿನ ಟ್ರಸ್ಟಿನ ಶೆಡ್ಡಿನವರೆಗೆ ಹೋದಳು. ಅವನು ಪ್ಯಾಂಟು ಮಡಚಿ ಗಾಡಿ ತೊಳೆಯುತ್ತಿದ್ದ. ಒಳಗಿನ ಸ್ಟೀಲಿನ ಹಲಗೆಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಆಮೇಲೆ ಒಣ ಬಟ್ಟೆಯಲ್ಲಿ ಒರೆಸಿ, ಕೊನೆಗೆ ಅಂಗೈಯಿಂದ ಸವರಿ ಒಣಗಿದೆಯಾ ಎಂದು ನೋಡಿದ. ನಾಳೆ ಅಲ್ಲಿ ಮಲಗುವವರಿಗೆ ತಣ್ಣಗಾಗುತ್ತದೆಯೇನೋ ಎನ್ನುವ ಹಾಗೆ. ಅವಳು ಗೇಟಿನಾಚೆ ನಿಂತು ನೋಡಿದಳು. ಕರೆಯಬೇಕೆಂದು ಬಾಯಿ ತೆರೆದಳು. ಕರೆದು ಏನು ಹೇಳುವುದು? ಅತ್ತೆಯನ್ನು ಬಿಡಲಾರೆ, ನಿಮ್ಮನ್ನೂ ಬಿಡಲಾರೆ ಎಂದೇ? ಬಂದ ದಾರಿಯಲ್ಲೇ ಮರಳಿದಳು.

"ಆ ಹುಡುಗ... ಬರ್ಲಿಲ್ಲ," ಅಪ್ಪ ಪ್ರತಿ ಸಂಜೆ ಅನ್ನುತ್ತಿದ್ದರು.

"ಹುಡುಗ ಏನಪ್ಪಾ, ನಲವತ್ತಾಗಿದೆ ಅವರಿಗೆ."

"ನಿನಗೆ... ಹುಡುಗನೇ." ಅರ್ಧ ಮುಖದಲ್ಲಿ ತುಂಟತನ ಹಾದು ಹೋಗುತ್ತಿತ್ತು. ಅವಳು ಕುರ್ಚಿ ತಿರುಗಿಸುವ ನೆಪದಲ್ಲಿ ಅಪ್ಪನ ಹಿಂದೆ ಹೋಗಿ ನಿಲ್ಲುತ್ತಿದ್ದಳು.

ಮೋಡ ಕವಿದ ಒಂದು ಬೆಳಿಗ್ಗೆ, ಹತ್ತೂವರೆಗೆ, ಅತ್ತೆ ಬಿಸಿನೀರು ತರಲು ಒಳಗೆ ಹೋದಾಗ ಅಪ್ಪ ಕಿಟಕಿಯ ಪಕ್ಕದಲ್ಲೇ ಹೋಗಿಬಿಟ್ಟರು. ಅವಳು ಅವರ ಕಾಲಬಳಿ ಕೂತು ಅವರ ತಣ್ಣಗಿನ ಪಾದವನ್ನು ಹಿಡಿದುಕೊಂಡಳು. ಡಾಕ್ಟರು ಬಂದು ಹೋದರು. ಹೊಲಿಗೆಯಮ್ಮ ಬಂದು ಈ ಸಲ ಸದ್ದಿಲ್ಲದೆ ಬಾಗಿಲ ಬಳಿ ಕೂತರು.

"ಪಕ್ಕದ ಊರಿಂದ ಬೇರೆ ಗಾಡಿ ತರಿಸೋಣ," ಅತ್ತೆ ಗೋಡೆಗೆ ಒರಗಿ ಹೇಳಿದರು.

"ಇಲ್ಲ ಅತ್ತೆ. ಅಪ್ಪ ಅವರ ದಾರಿ ಕಾಯ್ತಿದ್ರು."

ಫೋನ್ ಮಾಡಿದಳು. ಆಚೆ ಕಡೆ ಅವನು ಸಮಾಧಾನದ ಮಾತು ಒಂದೂ ಆಡಲಿಲ್ಲ. "ನೀವು ಏನಾದ್ರೂ ತಿಂದ್ರಾ?" ಎಂದ. "ಇಲ್ಲ" ಎಂದಳು. "ಬರ್ತೀನಿ" ಎಂದ.

ಬಿಳಿ ಗಾಡಿ ಬಂದು ನಿಂತಿತು. ಅವನು ಇಳಿದು, ಚಪ್ಪಲಿ ಬಿಟ್ಟು, ಮನೆಯ ಹೊಸ್ತಿಲ ಆಚೆ ನಿಂತ. ಅವಳ ಕಡೆ ನೋಡಲಿಲ್ಲ. ಅತ್ತೆಯನ್ನು ನೋಡಿ ಹೇಳಿದ:

"ಅಮ್ಮಾ, ಹದಿಮೂರು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಸಾವಾದ ಮನೆಯ ಹೊಸ್ತಿಲು ಒಂದನ್ನೂ ದಾಟಿಲ್ಲ. ಡ್ರೈವರ್ ಗಾಡಿ ಹತ್ರಾನೇ ನಿಲ್ಲಬೇಕು, ಒಳಗಡೆ ಮನೆಯವರಿಗೆ ಮಾತ್ರ. ಇವತ್ತು ನಾನು ಒಳಗೆ ಬರ್ಲಾ?"

ಅತ್ತೆ ಅವನ ಬರಿಗಾಲನ್ನು, ಕಟ್ಟಿಕೊಂಡ ಕೈಯನ್ನು, ಕೊನೆಗೆ ಮುಖವನ್ನು ನೋಡಿದರು. ಸೆರಗಿನಿಂದ ಮುಖ ಒರೆಸಿಕೊಂಡು, ಬಾಗಿಲಿನಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದರು.

"ಬಾಪ್ಪಾ. ಎಡಗಡೆ ನೀನು ಹಿಡ್ಕೋ. ಆ ಭುಜ ಅವನಿಗೆ ನೋಯ್ತಿತ್ತು, ನಿಧಾನ."

"ನಿಧಾನವಾಗೇ ಹಿಡೀತೀನಿ."

ಎತ್ತಿ ತಂದು ಮಲಗಿಸಿದ ಮೇಲೆ ಅವನು ಅವಳ ಮುಂದೆ ಕೀಲಿ ಚಾಚಿದ.

"ಇವತ್ತು ನಾನು ಓಡಿಸಲ್ಲ. ಹಿಂದೆ ಇವರ ಜೊತೆ ಕೂರ್ತೀನಿ. ನಿಮಗೆ ಓಡಿಸೋಕೆ ಆಗುತ್ತಾ?"

ಡ್ರೈವಿಂಗ್ ಕಲಿಸಿದ್ದು ಅಪ್ಪನೇ. ಅವಳಿಗೆ ಹದಿನೆಂಟು ತುಂಬಿದ ವರ್ಷ, ಇದೇ ರಸ್ತೆಯಲ್ಲಿ, ಪಕ್ಕದಲ್ಲಿ ಕೂತು ಗೇರಿನ ಮೇಲಿದ್ದ ಅವಳ ಕೈಯ ಮೇಲೆ ತನ್ನ ಕೈಯಿಟ್ಟು ಕಲಿಸಿದ್ದರು. ಅವಳು ಕೀಲಿ ತೆಗೆದುಕೊಂಡಳು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತಕ್ಷಣ ಎಳೆದುಕೊಳ್ಳಲಿಲ್ಲ.

ಊರಿನ ನಡುವೆ, ಅಂಗಡಿಗಳ ಮುಂದೆ, ಸ್ಕೂಲಿನ ಗೋಡೆಯ ಪಕ್ಕದಲ್ಲಿ ಅವಳು ಅಪ್ಪನನ್ನು ಕರೆದೊಯ್ದಳು. ಜನ ನಿಂತು ದಾರಿ ಬಿಟ್ಟರು. ಕನ್ನಡಿಯಲ್ಲಿ ಹಿಂದಿನದು ಕಾಣುತ್ತಿತ್ತು. ತಿರುವುಗಳಲ್ಲಿ ಅಪ್ಪ ಅಲುಗದಿರಲೆಂದು ಅವನು ಎರಡೂ ಕೈಯಿಂದ ಭುಜ ಹಿಡಿದುಕೊಂಡಿದ್ದ. ರಸ್ತೆಯ ಒಂದು ಹಂಪಿನಲ್ಲಿ, ಅವನ ಪಕ್ಕ ಕೂತಿದ್ದ ಅತ್ತೆ ವಾಲಿದರು. ಆಸರೆಗೆ ಸಿಕ್ಕಿದ್ದು ಅವನ ತೋಳು. ಹಂಪು ದಾಟಿದ ಮೇಲೂ ಅವರು ಆ ತೋಳನ್ನು ಬಿಡಲಿಲ್ಲ. ಅವಳು ಅಳುತ್ತಿದ್ದಳು, ಮರೆಮಾಚದೆ, ದನಿ ತೆಗೆದು. ಕನ್ನಡಿಯಲ್ಲಿ ಅವನ ಕಣ್ಣು ಅವಳ ಕಣ್ಣಿಗೆ ಸಿಕ್ಕಿತು. ಈ ಸಲ ಕೆಳಗಿಳಿಯಲಿಲ್ಲ. ದಾರಿ ಮುಗಿಯುವವರೆಗೂ ಅಲ್ಲೇ ಇತ್ತು.

ಎಲ್ಲ ಮುಗಿದ ಮೇಲೆ ಸ್ಮಶಾನದ ಕಲ್ಲು ಬೆಂಚಿನಲ್ಲಿ ಇಬ್ಬರೂ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ.

"ಹನ್ನೊಂದು ವಾರ ನಿಮ್ಮ ರಸ್ತೆ ತಪ್ಪಿಸಿ ಸುತ್ತು ಹಾಕ್ಕೊಂಡು ಹೋಗಿದೀನಿ," ಅವನು ಕೈ ನೋಡಿಕೊಳ್ಳುತ್ತ ಹೇಳಿದ. "ಗಾಡಿ ಒಳಗಿದ್ದೋರು ಕ್ಷಮಿಸಿರ್ತಾರೆ ಅಂತ ಅಂದ್ಕೊಂಡಿದೀನಿ. ಗೋಡೌನಲ್ಲಿ ಒಂದು ಕೆಲಸ ಇದೆಯಂತೆ. ನೀವು ಹೇಳಿದ್ರೆ ಇದನ್ನ ಬಿಟ್ಟು ಅಲ್ಲಿಗೆ ಹೋಗ್ತೀನಿ."

"ನೀವು ಬಿಟ್ರೆ ಅಲ್ಲಿ ಮಲಗೋರನ್ನ ಅಷ್ಟು ಜೋಪಾನ ಮಾಡೋರು ಯಾರು?"

"ನಿಮಗೆ ಹೇಗೆ ಗೊತ್ತು?"

"ನೋಡಿದೀನಿ. ಗೇಟಿನ ಹತ್ರ ನಿಂತು." ಅವಳ ದನಿ ಒಡೆಯಿತು. "ಒಂದು ಸಲ ಹಿಂದೆ ತಿರುಗಿದ್ರೆ ಕಾಣ್ತಿದ್ದೆ. ನೀವು ತಿರುಗ್ಲಿಲ್ಲ."

ಅವನು ನಡುವಿನ ಜಾಗದಲ್ಲಿ ಕೈ ಚಾಚಿ ಇಟ್ಟ. ಅವಳು ತನ್ನ ಕೈಯನ್ನು ಅದರ ಮೇಲಿಟ್ಟಳು. ಉಗುರಿನ ಸಂದಿಯ ಮಸಿ ಅವಳಿಗೆ ಆ ಹೊತ್ತು ನಾಚಿಕೆ ತರಲಿಲ್ಲ.

ಮನೆಗೆ ಬಂದಾಗ ಮೋಡದ ನಡುವೆ ಸಂಜೆಯ ಸ್ವಲ್ಪ ಬೆಳಕು ಉಳಿದಿತ್ತು. ಅತ್ತೆ ಮೊದಲು ಇಳಿದು, ತಿರುಗಿ ನಿಂತು, "ಕೈಕಾಲು ತೊಳ್ಕೊಂಡು ಬಾಪ್ಪಾ, ಬೆಳಿಗ್ಗೆಯಿಂದ ನೀನೂ ಏನೂ ತಿಂದಿಲ್ಲ," ಎಂದರು. ಅವನು ಹೊಸ್ತಿಲವರೆಗೆ ಬಂದಿದ್ದ. ಅಷ್ಟರಲ್ಲಿ ಫೋನ್ ಗುನುಗಿತು. ಅವನು ಕೇಳಿಸಿಕೊಂಡ. "ಹ್ಞೂಂ... ಯಾರಾದ್ರೂ ಜೊತೆಗಿದಾರಾ?... ಬರ್ತೀನಿ," ಎಂದು ಇಟ್ಟ.

ಊರಿನ ಇನ್ನೊಂದು ತುದಿಯಲ್ಲಿ ಇನ್ನೊಂದು ಮನೆ. ಅವನು ಅಪರಾಧಿಯ ಹಾಗೆ ಅವಳನ್ನು ನೋಡಿದ. ಅತ್ತೆ ಗೋಡೆ ಹಿಡಿದು ನಿಂತರು. ಒಂದು ಗಳಿಗೆ ಆ ಮುಖದಲ್ಲಿ ಹಳೆಯ ಹೆದರಿಕೆ ಬಂದು ಹೋಯಿತು. ಆದರೆ ಒಳಗೆ ಹೋಗಿ, ಅವನ ಪಾಲಿನ ಊಟ ಬಡಿಸಿ, ತಟ್ಟೆಗೆ ತಟ್ಟೆ ಮುಚ್ಚಿಟ್ಟರು.

ಅವಳು ಅವನ ಕೈಗೆ ಕೀಲಿ ಕೊಟ್ಟಳು. ಆ ಗಾಡಿ ಬಾಗಿಲು ಬಿಟ್ಟು ಹೊರಡುವಾಗ ಜನ ಮುಖ ತಿರುಗಿಸುತ್ತಾರೆ. ಅದಕ್ಕೆ 'ಹೋಗಿ ಬಾ' ಎಂದವರು ಇಲ್ಲ. ಅದು ಮತ್ತೆ ಬರುವುದು ಯಾರಿಗೂ ಬೇಡ.

ಅವನು ಹತ್ತಿ ಕೂತು ಎಂಜಿನ್ ಚಾಲೂ ಮಾಡಿದ. ಅವಳು ಕಿಟಕಿಯ ಬಳಿ ಬಂದಳು.

"ಹೋಗಿ ಬನ್ನಿ," ಎಂದಳು.

ಅವನ ಕೈ ಗೇರಿನ ಮೇಲೆ ಹಾಗೇ ನಿಂತಿತು.

"ಏನಂದ್ರಿ?"

"ಹೋಗಿ ಬನ್ನಿ. ಊಟಕ್ಕೆ ಕಾಯ್ತಿರ್ತೀನಿ."